ಡೊಂಬಿವಲಿ ಅಡುಗೆಮನೆಯಲ್ಲಿ ಏರ್ ಫ್ರೈಯರ್: ಗೆಣಸಿನ ಪರೀಕ್ಷೆ

ಏರ್ ಫ್ರೈಯರ್ ಚೆನ್ನಾಗಿದೆಯಾ ಅಂತ ತಿಳಿಯಲು ಫ್ರೀಜರಿನ ಪ್ಯಾಕೆಟ್ ಫ್ರೈಸ್ ಹಾಕಿ ನೋಡಿ ಪ್ರಯೋಜನವಿಲ್ಲ. ಅದನ್ನು ಕಾರ್ಖಾನೆಯಲ್ಲೇ ಒಂದು ಸಲ ಎಣ್ಣೆಯಲ್ಲಿ ಅರ್ಧ ಕರಿದು ಕಳಿಸಿರುತ್ತಾರೆ. ಯಾವ ಡಬ್ಬದಲ್ಲಿ ಬಿಸಿ ಮಾಡಿದರೂ ಗರಿಗರಿ ಆಗುತ್ತದೆ. ಹಸಿ ಗೆಣಸು ಹೆಚ್ಚಿ ಹಾಕಬೇಕು. ಯಂತ್ರದ ಬಂಡವಾಳ ಆಗ ಬಯಲಾಗುತ್ತದೆ.

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವ. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಕಾಲೇಜಿಗೆ ಹೋಗುವ ಮಗಳು. ಅತ್ತೆ ಏಕಾದಶಿ ಬಿಡುವವರಲ್ಲ, ಮಗಳು ಕರಿದದ್ದು ಮುಟ್ಟುವವಳಲ್ಲ. ಇಬ್ಬರ ತಟ್ಟೆಗೂ ಬೀಳುವ ಪದಾರ್ಥ ಅಂದರೆ ಗೆಣಸು. ಅದಕ್ಕೇ ದೀಪಾವಳಿ ಸೇಲಿನಲ್ಲಿ 4.2 ಲೀಟರಿನ, 1500 ವ್ಯಾಟಿನ ಒಂದು ಏರ್ ಫ್ರೈಯರ್ ತಂದೆವು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಅಳತೆ, ಈ ದರದ ಯಂತ್ರಗಳು ಒಳಗೆ ಹೆಚ್ಚುಕಡಿಮೆ ಒಂದೇ. ಮೇಲಿನ ಗುಂಡಿ, ಬಣ್ಣ ಬೇರೆ ಅಷ್ಟೇ.

ಬುಟ್ಟಿ ಹೊರಗೆ ಎಳೆದು, ಟಾರ್ಚ್ ಹಿಡಿದು ಒಳಗೆ ಮೇಲ್ಗಡೆ ನೋಡಿ. ಸುರುಳಿಯಾಕಾರದ ಕಾಯಿಲ್, ಅದರ ಹಿಂದೆ ಫ್ಯಾನ್. ಇಷ್ಟೇ. 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಮೇಳದಲ್ಲಿ ಏರ್ ಫ್ರೈಯರ್ ತೋರಿಸಿದಾಗಿನಿಂದ ಉಪಾಯ ಇದೇ: ಚಿಕ್ಕ ಜಾಗದಲ್ಲಿ ಬಿಸಿ ಗಾಳಿಯನ್ನು ಜೋರಾಗಿ ತಿರುಗಿಸುವುದು. ಎಣ್ಣೆಯಲ್ಲಿ ಮುಳುಗಿದ ಗೆಣಸಿಗೆ ಶಾಖ ಎಲ್ಲ ಕಡೆಯಿಂದಲೂ ಒಟ್ಟಿಗೇ ತಾಗುತ್ತದೆ. ಗಾಳಿಗೆ ಆ ತಾಕತ್ತಿಲ್ಲ. ಅದು ಮೊದಲು ಮೇಲಿನ ನೀರನ್ನು ಒಣಗಿಸಬೇಕು, ಆಮೇಲೆ ಕೆಂಪಗೆ ಮಾಡಬೇಕು. ಹಾಗಾಗಿ ಗಾಳಿ ಓಡಾಡಲು ಜಾಗ ಬಿಡದಿದ್ದರೆ ಎಷ್ಟು ದುಡ್ಡಿನ ಯಂತ್ರವಾದರೂ ಗೆಣಸು ಬೇಯುತ್ತದೆ ಹೊರತು ಗರಿ ಆಗುವುದಿಲ್ಲ.

ಯಂತ್ರಕ್ಕಿಂತ ಮುಂಚೆ ಗೆಣಸಿನ ವಿಷಯ. ನಮ್ಮ ಸ್ಟೇಷನ್ ರಸ್ತೆಯ ಗಾಡಿಗಳಲ್ಲಿ ಸಿಗುವುದು ಕೆಂಪು ಸಿಪ್ಪೆ, ಒಳಗೆ ಬಿಳಿ. ಇಲ್ಲಿ ರತಾಳಿ ಅಂತ ಕೇಳಬೇಕು. ನಮ್ಮ ಬೆಳಗಾವಿ, ಖಾನಾಪುರ ಕಡೆ ಗೆಣಸಿನ ಬೆಳೆ ಜೋರು, ಅಲ್ಲಿಂದಲೂ ಈ ಕಡೆಗೆ ಬರುತ್ತದೆ. ಗಾಡಿಯವನು ಬೆಳಗಾಂವ್‌ದು ಅಂದರೆ ಸುಮ್ನೆ ಖುಷಿಯಾಗಿ ಕಾಲು ಕೆಜಿ ಜಾಸ್ತಿ ತೂಗಿಸುತ್ತೇನೆ. ಆಷಾಢಿ ಏಕಾದಶಿ ಹತ್ತಿರ ಬಂದರೆ ಮಾತ್ರ ಅವನ ಬಾಯಲ್ಲಿ ಬರುವ ದರವೇ ಬೇರೆ. ಮಾಲ್‌ಗಳಲ್ಲಿ ಒಳಗೆ ಕಿತ್ತಳೆ ಬಣ್ಣ ಇರುವುದೂ ಸಿಗುತ್ತದೆ. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ನೇ ಅದರಲ್ಲೂ ಇರುವುದು, ಕಣ್ಣಿಗೆ ಒಳ್ಳೆಯದು, ನೋಡಲೂ ಚೆಂದ. ಆದರೆ ಅದರಲ್ಲಿ ನೀರು ಜಾಸ್ತಿ, ಪಿಷ್ಟ ಕಡಿಮೆ. ಏರ್ ಫ್ರೈಯರ್‌ಗೆ ಹಾಕಿದರೆ ತುದಿ ಕಪ್ಪಾಗುತ್ತದೆ, ನಡು ಮೆತ್ತಗೇ ಉಳಿಯುತ್ತದೆ. ಗರಿಗರಿ ಬೇಕೆಂದರೆ ಗಾಡಿಯ ಬಿಳಿ ಗೆಣಸೇ ಸರಿ. ದುಡ್ಡೂ ಉಳಿಯಿತು.

ಸಿಪ್ಪೆ ತೆಗೆದು ಕಿರುಬೆರಳ ದಪ್ಪಕ್ಕೆ ಉದ್ದುದ್ದ ಹೆಚ್ಚಿ. ಹೆಚ್ಚುತ್ತಿದ್ದಂತೆಯೇ ಅಂಚಿನಲ್ಲಿ ಹಾಲಿನಂಥ ಅಂಟು ಹನಿಹನಿಯಾಗಿ ಬರುತ್ತದೆ, ಚಾಕುವಿಗೂ ಬೆರಳಿಗೂ ಹತ್ತಿ ಕಪ್ಪಾಗುತ್ತದೆ. ಹೆಚ್ಚಿದ್ದನ್ನು ತಕ್ಷಣ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ. ನೀರು ಮಸುಕಾಗುತ್ತದೆ, ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಅದು ಮೇಲ್ಮೈಯ ಪಿಷ್ಟ. ಅದು ಹೋದರೆ ಹೋಳುಗಳು ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಹಳೇ ಕಾಟನ್ ಪಂಚೆಯ ಮೇಲೆ ಹರಡಿ ಚೆನ್ನಾಗಿ ಒರೆಸಬೇಕು. ಈ ಒರೆಸುವ ಕೆಲಸ ಯಾರಿಗೂ ಇಷ್ಟವಿಲ್ಲ, ನಮ್ಮ ಮನೆಯಲ್ಲಿ ಯಜಮಾನರ ಪಾಲಿಗೆ ಬಿದ್ದಿದೆ. ಒದ್ದೆ ಉಳಿದರೆ ಯಂತ್ರದ ಮೊದಲ ಹತ್ತು ನಿಮಿಷ ಆ ನೀರು ಒಣಗಿಸುವುದರಲ್ಲೇ ಹೋಗುತ್ತದೆ.

ಒಣಗಿದ ಹೋಳಿಗೆ ಎರಡು ಚಮಚ ಹಿಟ್ಟು ಉದುರಿಸಿ, ಮೇಲೆ ಒಂದು ಚಮಚ ಶೇಂಗಾ ಎಣ್ಣೆ ಹಾಕಿ ಕೈಯಲ್ಲೇ ತಿಕ್ಕಿ. ಎಣ್ಣೆ ಇಲ್ಲದೆ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ. ಎಣ್ಣೆ ಇಲ್ಲದ ಗೆಣಸು ಚಕ್ಕಳದಂತೆ ಒಣಗುತ್ತದೆ. ಉಪ್ಪು ಈಗ ಬೇಡ. ಈಗ ಹಾಕಿದರೆ ಗೆಣಸು ನೀರು ಬಿಡುತ್ತದೆ, ಒರೆಸಿದ ಶ್ರಮವೆಲ್ಲ ನೀರಲ್ಲಿ ಹೋಮ.

ಯಾವ ಹಿಟ್ಟು? ಇಲ್ಲಿ ನಮ್ಮ ಅತ್ತೆಯ ಕಾನೂನು ಅಡ್ಡ ಬಂತು. ಕಾರ್ನ್‌ಫ್ಲೋರ್ ಮೆಕ್ಕೆಜೋಳದ್ದು, ಧಾನ್ಯ, ಏಕಾದಶಿಗೆ ನಡೆಯದು. ಪಕ್ಕದ ಮನೆಯ ಕಾಕೂ ಶಿಂಗಾಡಾ ಹಿಟ್ಟು ಹಾಕು ಅಂದರು. ಅದು ನೀರಿನಲ್ಲಿ ಬೆಳೆಯುವ ಕಾಯಿಯ ಹಿಟ್ಟು, ಇಲ್ಲಿ ಉಪವಾಸದ ಸಾಮಾನಿನ ಸಾಲಿನಲ್ಲಿ ಸಾಬುದಾಣಿ, ಭಗರ್ ಪಕ್ಕದಲ್ಲೇ ಸಿಗುತ್ತದೆ. ಹೇಳಿದರೆ ನಂಬುತ್ತೀರೋ ಇಲ್ಲವೋ, ಕಾರ್ನ್‌ಫ್ಲೋರ್‌ಗಿಂತ ಇದೇ ಚೆನ್ನಾಗಿ ಬಂತು. ತೆಳುವಾದ, ಕಡಿದರೆ ಸದ್ದು ಬರುವ ಹೊದಿಕೆ. ರಾಜಗಿರಿ ಹಿಟ್ಟಿನಲ್ಲಿ ಬಣ್ಣ ಬೇಗ ಕಪ್ಪಿಡುತ್ತದೆ, ಸ್ವಲ್ಪ ಒಗರೂ ಬರುತ್ತದೆ. ಅತ್ತೆ ಒಂದು ತಿಂದು, ಇನ್ನೊಂದಕ್ಕೆ ಕೈ ಹಾಕುತ್ತಾ, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ಭಾರತರತ್ನ.

ಶಾಖದ ವಿಷಯದಲ್ಲಿ ಯಂತ್ರದ ಮೇಲಿನ ಫ್ರೈಸ್ ಗುಂಡಿ ಒತ್ತಬೇಡಿ. ಅದು ಆಲೂಗಡ್ಡೆಗೆ ಲೆಕ್ಕ ಹಾಕಿದ್ದು, 200 ಡಿಗ್ರಿ. ಗೆಣಸಿನಲ್ಲಿ ಸಕ್ಕರೆ ಜಾಸ್ತಿ, 200ರಲ್ಲಿ ಮೂಲೆಗಳು ಸುಟ್ಟು ಕಹಿಯಾಗುತ್ತವೆ. ಮೊದಲು ಖಾಲಿ ಯಂತ್ರವನ್ನು ಮೂರು ನಿಮಿಷ ಕಾಯಿಸಿ, 180ರಲ್ಲಿ ಇಟ್ಟು, ಎಂಟನೇ ನಿಮಿಷಕ್ಕೆ ಒಮ್ಮೆ ಬುಟ್ಟಿ ಕುಲುಕಿ. ಆಗ ಮೇಲೆ ಮಂಕಾಗಿ, ಬೆವರಿದಂತೆ ಕಾಣುತ್ತದೆ, ಗಾಬರಿ ಬೇಡ. ಹದಿನೈದರ ಹೊತ್ತಿಗೆ ಹೋಳಿನ ಚೂಪು ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ಕಂದು ಬಣ್ಣಕ್ಕೆ ಗಟ್ಟಿಯಾಗಿರುತ್ತದೆ, ಹಿಂದಿನ ಕಿಂಡಿಯಿಂದ ಬೆಲ್ಲ ಕಾಯಿಸಿದ ವಾಸನೆ. ಅಲ್ಲಿಂದ ಮುಂದೆ ಪಕ್ಕದಲ್ಲೇ ನಿಲ್ಲಿ. ಗೆಣಸು ಹದಕ್ಕೆ ಬರುವುದಕ್ಕೂ ಕರಕಲಾಗುವುದಕ್ಕೂ ನಡುವೆ ಎರಡು ನಿಮಿಷವೂ ಇರುವುದಿಲ್ಲ. ತೆಗೆದ ಮೇಲೆ ಸೈಂಧವ ಉಪ್ಪು, ಖಾರದ ಪುಡಿ, ನಾಲ್ಕು ಹನಿ ನಿಂಬೆ.

ತೆಗೆದದ್ದನ್ನು ಬಟ್ಟಲಿನಲ್ಲಿ ರಾಶಿ ಹಾಕಿದರೆ ತನ್ನದೇ ಹಬೆಗೆ ತಾನೇ ಮೆತ್ತಗಾಗುತ್ತದೆ. ಜಾಲರಿಯ ಮೇಲೆ ಹರಡಿ. ಮಳೆಗಾಲದ ಮುಂಬೈ ಗಾಳಿಯಲ್ಲಿ ಅದೂ ಹತ್ತು ನಿಮಿಷದ ಮಾತು. ಆಫೀಸಿಂದ ಬರುವವರಿಗೆ ಅಂತ ಎತ್ತಿಟ್ಟರೆ ಅವರಿಗೆ ಸಿಗುವುದು ಬರೀ ಬೆಂದ ಗೆಣಸು. ಲೋಕಲ್ ಲೇಟಾದರೆ ನನ್ನ ತಪ್ಪಲ್ಲ ಅಂತ ಹೇಳಿಬಿಟ್ಟಿದ್ದೇನೆ.

ಇಡೀ ಗೆಣಸು ಸುಡುವುದಕ್ಕೆ ಈ ಯಂತ್ರಕ್ಕೆ ಪೂರ್ತಿ ಅಂಕ. ತೊಳೆದು, ಒರೆಸಿ, ಫೋರ್ಕಿನಲ್ಲಿ ನಾಲ್ಕು ಕಡೆ ಚುಚ್ಚಿ, 160ರಲ್ಲಿ ಅರ್ಧ ಗಂಟೆ, ಆಮೇಲೆ 200ಕ್ಕೆ ಏರಿಸಿ ಹತ್ತು ನಿಮಿಷ. ನಿಧಾನಕ್ಕೆ ಯಾಕಂದರೆ, ಗೆಣಸಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಒಂದು ಕಿಣ್ವ ಇದೆ. ಅದು ಕೆಲಸ ಮಾಡುವುದು ಗೆಣಸಿನ ಒಳಗು ಸುಮಾರು 60ರಿಂದ 75 ಡಿಗ್ರಿ ಇರುವಾಗ. ಬೇಗ ಬೇಯಿಸಿದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. ಊರಲ್ಲಿ ಬಚ್ಚಲೊಲೆಯ ಬೂದಿಯಲ್ಲಿ ಹುಗಿದಿಟ್ಟ ಗೆಣಸು ಕುಕ್ಕರಿನದಕ್ಕಿಂತ ಸಿಹಿ ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಹೊಗೆಯ ವಾಸನೆ ಒಂದು ಬಿಟ್ಟರೆ ಹತ್ತಿರಹತ್ತಿರ ಅದೇ ರುಚಿ. ಬುಟ್ಟಿಯ ತಳಕ್ಕೆ ಮಾತ್ರ ಪಾಕ ಸುರಿದು ಅಂಟುತ್ತದೆ, ಬಿಸಿ ನೀರು ಹಾಕಿ ನೆನೆಸಿಡಿ.

ಇನ್ನು ತಕರಾರು. ಡಬ್ಬದ ಮೇಲೆ "ನಾಲ್ಕೈದು ಜನರಿಗೆ" ಅಂತಿದೆ. ಒಂದೇ ಪದರದಲ್ಲಿ ಹರಡಿದರೆ ಹಿಡಿಯುವುದು ಎರಡು ಮಧ್ಯಮ ಗೆಣಸು. ನಾಲ್ಕು ಜನರಿಗೆ ಎರಡು ಸಲ ಹಾಕಬೇಕು, ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಖಾಲಿ. ನೆಂಟರು ಬಂದ ದಿನ ನಾನು ಬಾಣಲೆಯನ್ನೇ ಇಡುತ್ತೇನೆ.

ಪ್ಲಗ್ ನೋಡಿಕೊಳ್ಳಿ. 1500 ವ್ಯಾಟ್ ಅಂದರೆ ಆರೂವರೆ ಆಂಪಿಯರ್ ಎಳೆಯುತ್ತದೆ. ಹಳೇ ಕಟ್ಟಡಗಳ ಅಡುಗೆಮನೆಯ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬೇಡಿ, 16 ಆಂಪಿಯರಿನದೇ ಬೇಕು. ನಮ್ಮಲ್ಲಿ ಅಂಥದ್ದು ಇದ್ದದ್ದು ಒಂದು, ಅದೂ ಮಿಕ್ಸಿ ಇಡುವ ಮೂಲೆಯಲ್ಲಿ. ಎಲೆಕ್ಟ್ರಿಶಿಯನ್ನನ್ನು ಕರೆಸಿ ಹೊಸ ಪಾಯಿಂಟ್ ಹಾಕಿಸಿದ ಖರ್ಚನ್ನೂ ಯಂತ್ರದ ಲೆಕ್ಕಕ್ಕೇ ಸೇರಿಸಿದ್ದೇನೆ. ಕರೆಂಟ್ ಬಿಲ್ಲಿನ ಭಯ ಬೇಡ. ಕಾಯಿಲ್ ಒಂದೇ ಸಮನೆ ಉರಿದರೂ 25 ನಿಮಿಷಕ್ಕೆ ಮುಕ್ಕಾಲು ಯೂನಿಟ್ ಆಗುವುದಿಲ್ಲ.

ದೊಡ್ಡ ಬೇಸರ ಬುಟ್ಟಿಯದು. ಕೆಲವೇ ತಿಂಗಳಲ್ಲಿ ತಳದ ನಾನ್‌ಸ್ಟಿಕ್ ಒಂದು ಕಡೆ ಎದ್ದು ಬಂತು. ನಾನು ಸ್ಟೀಲ್ ಚಮಚ ಹಾಕುವವಳಲ್ಲ, ಮೆತ್ತಗಿನ ಸ್ಪಂಜಿನಲ್ಲೇ ತೊಳೆಯುವುದು. ಸರ್ವೀಸ್ ಸೆಂಟರಿನವರು ಬುಟ್ಟಿಗೆ ವಾರಂಟಿ ಇಲ್ಲ ಅಂದರು. ಬೇರೆ ಬುಟ್ಟಿಗೆ ಅವರು ಹೇಳಿದ ದರ ಕೇಳಿ ಯಜಮಾನರು ಫೋನನ್ನು ನನ್ನ ಕೈಗೆ ಕೊಟ್ಟು ಬಾಲ್ಕನಿಗೆ ಹೋದರು. ಈಗ ಎರಡನೇ ಬುಟ್ಟಿಯಲ್ಲಿ ಹೋಳಿನ ಕೆಳಗೆ ತೂತಿನ ಬೇಕಿಂಗ್ ಪೇಪರ್ ಹಾಸುತ್ತೇನೆ. ಅಂಟುವುದಿಲ್ಲ, ಆದರೆ ಕೆಳಗಿನ ಗಾಳಿ ತಡೆದು ಎರಡು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ. ಕೊಳ್ಳುವವರು ಅಂಗಡಿಯಲ್ಲಿ ಯಂತ್ರದ ಬೆಲೆ ಕೇಳುವ ಮುಂಚೆ ಬಿಡಿ ಬುಟ್ಟಿಯ ಬೆಲೆ ಕೇಳಿ.