ಕೈಗಾಡಿಗೆ ಆಟೋ ಟ್ಯೂಬ್: ಎರಡು ಮಳೆಗಾಲ ಕಳೆದ ಮೇಲೆ

ಕೈಗಾಡಿಯ ಚಕ್ರ ಪದೇ ಪದೇ ಗಾಳಿ ಬಿಡುತ್ತಿದೆಯಾ? ಹೊಸ ಚಕ್ರಕ್ಕೆ ದುಡ್ಡು ಹಾಕುವ ಮೊದಲು ಟಯರಿನ ಬದಿಯಲ್ಲಿ ಬರೆದ ಅಳತೆ ನೋಡಿ. 4.00-8 ಅಂತ ಇದ್ದರೆ ಆಟೋ ರಿಕ್ಷಾದ ಟ್ಯೂಬ್ ಸಾಕು. ಅಗಲ 4 ಇಂಚು, ರಿಮ್ 8 ಇಂಚು, ಅಷ್ಟೇ ಅದರ ಅರ್ಥ. ಆಟೋ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ.

ನಮ್ಮದು ಬದಿಯಡ್ಕದ ಕಡೆ ಅಡಿಕೆ ತೋಟ. ಹಟ್ಟಿಗೊಬ್ಬರ, ಗುಡ್ಡೆಯ ಸೊಪ್ಪು, ಅಂಗಳಕ್ಕೆ ಬರುವ ಅಡಿಕೆ, ಎಲ್ಲ ಈ ಗಾಡಿಯಲ್ಲೇ. ದಾರಿಯುದ್ದಕ್ಕೂ ಮುರಕಲ್ಲು, ಅಂದರೆ ಒರಟು ಕೆಂಪು ಕಲ್ಲು. ಗಾಡಿಯ ಜೊತೆ ಬಂದ ಟ್ಯೂಬ್ ತೀರಾ ತೆಳು. ಪ್ಯಾಚ್ ಮೇಲೆ ಪ್ಯಾಚ್ ಬಿದ್ದು, ಕೊನೆಗೆ ವಾಲ್ವಿನ ಬುಡವೇ ಕಿತ್ತುಬಂತು. ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ಇಡೀ ಚಕ್ರಕ್ಕೆ ಸಾವಿರದ ಮೇಲೆ ಹೇಳಿದರು. ಆಟೋ ಟ್ಯೂಬ್ 300 ರೂಪಾಯಿಯೊಳಗೆ ಮುಗಿಯಿತು.

ಹಾಕುವ ಕೆಲಸ ಮನೆಯಲ್ಲೇ ಆಗುತ್ತದೆ. ಆದರೆ ಒಂದು ವಿಷಯ. ನಮ್ಮ ರಿಮ್ ಎರಡು ಹೋಳಿನದ್ದು, ಬೋಲ್ಟ್ ಹಾಕಿ ಸೇರಿಸಿದ್ದು. ಇಂಥದ್ದಾದರೆ ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಒಳಗೆ ಗಾಳಿ ಇರುವಾಗ ನಟ್ ಸಡಿಲಿಸಿದರೆ ಹೋಳು ಸಿಡಿದು ಮುಖಕ್ಕೇ ಬಡಿಯಬಹುದು. ದಯವಿಟ್ಟು ಅವಸರ ಬೇಡ.

ಟಯರಿನ ಒಳಗೆ ಒಂದು ಹಳೆ ಬಟ್ಟೆ ಆಡಿಸಿ. ಮುಳ್ಳಿನ ಮೊನೆ ಉಳಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನಮ್ಮದರಲ್ಲಿ ಬಿದಿರ ಮುಳ್ಳಿನ ಚೂರು ಇತ್ತು, ಹೊರಗಿನಿಂದ ಕಾಣುತ್ತಲೇ ಇರಲಿಲ್ಲ. ಅದನ್ನು ತೆಗೆಯದೆ ಎಷ್ಟು ಟ್ಯೂಬ್ ಹಾಕಿದರೂ ಸುಮ್ನೆ ದಂಡ. ಗೊಬ್ಬರದ ನೀರಿಗೆ ರಿಮ್ ತುಕ್ಕು ಹಿಡಿದಿರುತ್ತದೆ, ಅದನ್ನೂ ಉಜ್ಜಿ ಪೇಂಟ್ ಬಳಿಯಿರಿ. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಕೂರಿಸಿದರೆ ಹೋಳುಗಳ ನಡುವೆ ಸಿಕ್ಕಿಕೊಳ್ಳುವುದಿಲ್ಲ.

ಈಗ ಎರಡು ಮಳೆಗಾಲ ಕಳೆಯಿತು. ಪಂಕ್ಚರ್ ಆಗಿದೆ, ಇಲ್ಲ ಅನ್ನುವುದಿಲ್ಲ, ಆದರೆ ಮೊದಲಿಗಿಂತ ತುಂಬಾ ಕಡಿಮೆ. ರಬ್ಬರ್ ದಪ್ಪ ಇರುವುದರಿಂದ ಪ್ಯಾಚ್ ಗಟ್ಟಿಯಾಗಿ ಕೂರುತ್ತದೆ. ಒಂದು ತಾಪತ್ರಯ ಅಂದರೆ ಹಳೆ ಸೈಕಲ್ಲಿನ ಪಂಪ್ ಈ ವಾಲ್ವಿಗೆ ಹಿಡಿಯುವುದಿಲ್ಲ, ಬೈಕಿಗೆ ಹಾಕುವ ಕಾಲು ಪಂಪ್ ಬೇಕು. ಗಾಡಿ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತರೂ ಗಾಳಿ ಇಳಿಯುತ್ತದೆ. ಇಳಿದ ಚಕ್ರಕ್ಕೆ ಗೊಬ್ಬರ ಹೇರಬೇಡಿ, ಟಯರಿನ ಪಕ್ಕ ಬಿರಿಯುತ್ತದೆ. ಎಷ್ಟು ಗಾಳಿ ಅಂತ ಟಯರಿನ ಮೇಲೆಯೇ ಬರೆದಿರುತ್ತದೆ, ನಮ್ಮದರಲ್ಲಿ 30 ಪಿಎಸ್‌ಐ.

ನೆರೆಮನೆಯವರು ಗಾಳಿ ಬೇಡದ ಗಟ್ಟಿ ಚಕ್ರ ಹಾಕಿಸಿದ್ದಾರೆ. ಪಂಕ್ಚರಿನ ಮಾತೇ ಇಲ್ಲ. ಸಿಮೆಂಟ್ ಅಂಗಳದಲ್ಲೇ ಓಡಿಸುವವರಿಗೆ ಅದೇ ಒಳ್ಳೆಯದು. ಮುರಕಲ್ಲಿನ ಇಳಿಜಾರಿನಲ್ಲಿ ಮಾತ್ರ ಪೆಟ್ಟೆಲ್ಲ ಕೈಗೆ ಬರುತ್ತದೆ, ಸಂಜೆಗೆ ಭುಜ ಹಿಡಿಯುತ್ತದೆ. ನನ್ನ ಮತ ಟ್ಯೂಬಿಗೇ, 5ಕ್ಕೆ 4.

ನಿಮ್ಮ ಟಯರ್ 3.25-8 ಆದರೆ ಈ ಟ್ಯೂಬ್ ತುರುಕಬೇಡಿ. ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ. ಅಂಗಡಿಗೆ ಹೋಗುವಾಗ ಹಳೆ ಟ್ಯೂಬ್ ಹಿಡಿದುಕೊಂಡೇ ಹೋಗಿ, ವಾಲ್ವ್ ನೇರವೋ ಬಾಗಿದ್ದೋ ಅಂತಲೂ ಹೋಲಿಸಿ ನೋಡಬಹುದು.