ಇದ್ದಲ್ಲೇ ಮನೆಯೋ, ಊರಾಚೆ ಮನೆಯೋ?

ಕೊಳೆಗೇರಿ ಮರುಅಭಿವೃದ್ಧಿಗೆ ಒಪ್ಪಿಗೆ ಕೇಳಿದರೆ, ಮನೆಯ ಅಳತೆಗಿಂತ ಮೊದಲು ಕೆಲಸದ ದೂರ ನೋಡಿ.

ಬೆಂಗಳೂರಿನ ಈಜಿಪುರದಲ್ಲಿ 2013ರಲ್ಲಿ ಮನೆ ಕಳೆದುಕೊಂಡ ಕೆಲವರಿಗೆ ಮನೆ ಸಿಕ್ಕಿದ್ದು ಊರಾಚೆ, ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆಯಲ್ಲಿ. ಈಜಿಪುರದ ಪಕ್ಕದ ಕೋರಮಂಗಲದಲ್ಲಿ ಮೂರು ಮನೆಗೆಲಸ ಹಿಡಿದ ಹೆಂಗಸು ಅಲ್ಲಿಂದ ಬೆಳಗ್ಗೆ ಏಳಕ್ಕೆ ಬಂದು ತಲುಪುವುದು ಆಗುವ ಮಾತಾ?

ಇದ್ದಲ್ಲೇ ಕಟ್ಟಿದರೆ ಹಳೇ ಗಿರಾಕಿ, ಮಕ್ಕಳ ಶಾಲೆ, ಕಷ್ಟಕ್ಕಾಗುವ ಕೈಸಾಲ ಎಲ್ಲವೂ ಉಳಿಯುತ್ತವೆ. ಆದರೆ ಕಟ್ಟಿ ಮುಗಿಯುವವರೆಗೆ ಬಾಡಿಗೆ, ಆಮೇಲೆ ಲಿಫ್ಟ್ ಖರ್ಚು. ನಾಲ್ಕನೇ ಮಹಡಿಗೆ ತಳ್ಳುಗಾಡಿ ಹತ್ತುವುದಿಲ್ಲ.

ಆದರೂ ನಾನು ಇದ್ದಲ್ಲೇ ಇರಿ ಎನ್ನುತ್ತೇನೆ. ಬಾಡಿಗೆ ಯಾರು ಕೊಡುತ್ತಾರೆ, ಗಾಡಿಗೆ ಜಾಗ ಎಲ್ಲಿ ಎಂದು ಖಾಲಿ ಮಾಡುವ ಮೊದಲೇ ಬರೆಸಿಕೊಳ್ಳಿ. ಬೀದಿ ವ್ಯಾಪಾರಿಯನ್ನು ಸ್ಥಳಾಂತರಿಸಲು 2014ರ ಕಾಯ್ದೆಯಂತೆ 30 ದಿನದ ನೋಟಿಸ್ ಬೇಕು.