ಸೆಫಾಕ್ಸಿಟಿನ್ 30 ಮೈಕ್ರೋಗ್ರಾಂ ಡಿಸ್ಕ್: ಅಗ್ಗದ ಪರೀಕ್ಷೆ, ಎಲ್ಲ ಕಫಕ್ಕೂ ಸಾಲದು

ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್ (ಸ್ಟ್ಯಾಫಿಲೊಕಾಕಸ್ ಆರಿಯಸ್) ಬ್ಯಾಕ್ಟೀರಿಯಾದ ಪತ್ತೆಗೆ ಸೆಫಾಕ್ಸಿಟಿನ್ ಎಂಬ ಆಂಟಿಬಯೋಟಿಕ್ ಇರುವ ಈ ಪುಟ್ಟ ಡಿಸ್ಕ್ ಈಗಲೂ ನಂಬಿಕಸ್ತ. ಆ ನಿರೋಧಕತೆ ಕೊಡುವ ಮೆಕ್‌ಎ ಜೀನ್ ಇರುವುದನ್ನು ಆಕ್ಸಾಸಿಲಿನ್ ಡಿಸ್ಕ್‌ಗಿಂತ ಸ್ಪಷ್ಟವಾಗಿ ತೋರಿಸುತ್ತದೆ. 0.5 ಮ್ಯಾಕ್‌ಫರ್ಲೆಂಡ್ (ಮಬ್ಬಿನ ಅಳತೆ) ಇರುವ ಬ್ಯಾಕ್ಟೀರಿಯಾ ದ್ರಾವಣವನ್ನು ಮುಲ್ಲರ್-ಹಿಂಟನ್ ಅಗಾರ್ ಎಂಬ ಪೋಷಕ ಜೆಲ್ಲಿಯ ಮೇಲೆ ಸವರಿ, ಡಿಸ್ಕ್ ಇಟ್ಟು, 16ರಿಂದ 18 ಗಂಟೆ ಬಿಡಬೇಕು. ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯದ ಅಡ್ಡಳತೆ 22 ಮಿ.ಮೀ. ಅಥವಾ ಹೆಚ್ಚಿದ್ದರೆ ಸಂವೇದಿ, 21 ಅಥವಾ ಕಡಿಮೆಯಿದ್ದರೆ ನಿರೋಧಕ. ಇನ್‌ಕ್ಯುಬೇಟರ್ 35 ಡಿಗ್ರಿ ದಾಟಿದರೆ ನಿರೋಧಕ ತಳಿ ಕಣ್ತಪ್ಪಬಹುದು. ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ತಣ್ಣಗಿರುವಾಗಲೇ ತೆರೆಯಬೇಡಿ. ತೇವ ಕೂತು ಔಷಧ ಹಾಳಾಗುತ್ತದೆ.

ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ದಪ್ಪ ಲೋಳೆ ಕಟ್ಟುವ ಆನುವಂಶಿಕ ಕಾಯಿಲೆ) ಇರುವವರ ಕಫದಲ್ಲಿ ತೊಡಕು ಡಿಸ್ಕ್‌ಗಿಂತ ಮೊದಲೇ ಶುರು. ಲೋಳೆಲೋಳೆಯಾದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಇಡೀ ಪ್ಲೇಟನ್ನು ಆವರಿಸಿ ಸ್ಟ್ಯಾಫನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಸ್ಯೂಡೊಮೊನಾಸನ್ನು ತಡೆದು ಸ್ಟ್ಯಾಫನ್ನು ಬೆಳೆಯಬಿಡುವ, 7.5% ಉಪ್ಪಿರುವ ಮ್ಯಾನಿಟಾಲ್ ಸಾಲ್ಟ್ ಅಗಾರ್ ಜೊತೆಗಿರಲೇಬೇಕು.

ನಿಜವಾದ ಸೋಲು ಕಿರುಕಾಲೊನಿ ತಳಿಗಳಲ್ಲಿ, ಅಂದರೆ ನಿಧಾನವಾಗಿ, ಪುಟ್ಟ ಗುಂಪುಗಳಾಗಿ ಬೆಳೆಯುವ ಸ್ಟ್ಯಾಫ್‌ನಲ್ಲಿ. ಬಹುಕಾಲ ಕೋಟ್ರೈಮಾಕ್ಸಜೋಲ್ ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಥೈಮಿಡಿನ್ (ಡಿಎನ್‌ಎ ಕಟ್ಟಲು ಬೇಕಾದ ವಸ್ತು) ಇಲ್ಲದೆ ಬೆಳೆಯದ ಸ್ಟ್ಯಾಫ್ ಸಾಮಾನ್ಯ. ಮುಲ್ಲರ್-ಹಿಂಟನ್‌ನಲ್ಲಿ ಥೈಮಿಡಿನ್ ಕಡಿಮೆ. ಬೆಳವಣಿಗೆ ತೆಳುವಾಗಿ, ವಲಯ ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಅಂಥ ಪ್ಲೇಟಿನ ಮೇಲೆ ಸ್ಕೇಲ್ ಇಡುವುದೇ ವ್ಯರ್ಥ. ಮೂಲ ಪ್ಲೇಟನ್ನು 48 ಗಂಟೆ ಇಟ್ಟು ನೋಡಿ, ಅನುಮಾನವಿದ್ದರೆ ಮೆಕ್‌ಎ ಜೀನನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ. ಡಿಸ್ಕ್‌ಗಳ ಪ್ರತಿ ಹೊಸ ಬ್ಯಾಚ್‌ಗೂ ಗುಣಮಟ್ಟ ಪರೀಕ್ಷೆಗೆ ಬಳಸುವ ಎಟಿಸಿಸಿ 25923 ಸ್ಟ್ಯಾಫ್ ತಳಿಯ ವಲಯ 23ರಿಂದ 29 ಮಿ.ಮೀ. ಒಳಗೆ ಬರಲಿ.